ಚಹಾ-ಚಪಾತಿಯಲ್ಲಿ ಕಬ್ಬಿಣ ಎಲ್ಲಿ ಹೋಯಿತು?



ಬೆಳಿಗ್ಗೆ ಏನು ತಿಂದು ಶಾಲೆಗೆ ಬರುತ್ತೀರಿ? ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಈ ಪ್ರಶ್ನೆಗೆ ಮತ್ತೆ ಮತ್ತೆ ಸಿಗುವ ಉತ್ತರ: “ಚಹಾ-ಚಪಾತಿ ತಿಂದೀನ್ರಿ ಸರ್.” ಚಪಾತಿಯನ್ನು ಚಹಾದಾಗ ಅದ್ದಿ ತಿಂದರೆ ಹೊಟ್ಟೆ ತುಂಬುತ್ತದೆ, ನಿಜ. ಆದರೆ ಎರಡನೆಯ ತಾಸಿಗೇ ಕಣ್ಣು ಎಳೆಯುವುದು, ಸ್ವಲ್ಪ ಓಡಿದರೂ ಏದುಸಿರು ಬರುವುದು ನಡೆದಿದ್ದರೆ, ಅದಕ್ಕೆ ಒಂದು ಕಾರಣ ಈ ತಾಟಿನಲ್ಲಿಯೂ ಇರಬಹುದು.

ರಕ್ತದ ಕೆಂಪು ಬಣ್ಣಕ್ಕೆ ಕಾರಣ ಹಿಮೋಗ್ಲೋಬಿನ್. ಅದರೊಳಗಿನ ಕಬ್ಬಿಣವೇ ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ರಕ್ತ ಅದನ್ನು ಮೈಯೆಲ್ಲಾ ಒಯ್ಯುತ್ತದೆ. ನಿಮ್ಮ ವಯಸ್ಸಿನಲ್ಲಿ, ಅಂದರೆ 12ರಿಂದ 14 ವರ್ಷದೊಳಗೆ, 100 ಮಿ.ಲೀ. ರಕ್ತದಲ್ಲಿ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆಯಾದರೆ ಅದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ಶೇ. 59, ಹುಡುಗರಲ್ಲಿ ಶೇ. 31 ಮಂದಿಗೆ ರಕ್ತಹೀನತೆ ಇದೆ. ಹುಡುಗಿಯರಿಗೆ ಮುಟ್ಟಿನಲ್ಲಿ ರಕ್ತ ಹೋಗುತ್ತದೆ. ಸಾಲದ್ದಕ್ಕೆ ಎಷ್ಟೋ ಮನೆಗಳಲ್ಲಿ ಅವರು ಉಣ್ಣುವುದೂ ಕಡೆಗೆ, ಉಳಿದದ್ದನ್ನು. ಈ ರೂಢಿ ಬಿಡಲೇಬೇಕು.

“ನಾವು ರೊಟ್ಟಿ, ಕಾಳು, ಪಲ್ಯ ಉಣ್ತೀವಿ, ಅದರಾಗ ಕಬ್ಬಿಣ ಇಲ್ಲೇನ್ರಿ?” ಇದೆ. ಆದರೆ ಧಾನ್ಯ, ಕಾಳು, ಸೊಪ್ಪಿನ ಕಬ್ಬಿಣವನ್ನು ನಮ್ಮ ಕರುಳು ಮಾಂಸದ ಕಬ್ಬಿಣದಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದರ ಮೇಲೆ ಚಹಾ ಬಿದ್ದರೆ ಚಹಾದಲ್ಲಿರುವ ಟ್ಯಾನಿನ್‌ಗಳು ಆ ಕಬ್ಬಿಣಕ್ಕೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸೇರದೆ ಹೊರಗೆ ಹೋಗುತ್ತದೆ. ಹಾಲು ಬೆರೆಸಿದರೂ ಹೆಚ್ಚೇನೂ ಫರಕು ಬೀಳದು.

ಇದನ್ನು ಕಣ್ಣಾರೆ ನೋಡಬಹುದು. ಹಾಲು, ಸಕ್ಕರೆ ಹಾಕದ ಚಹಾವನ್ನು ಎರಡು ಗಾಜಿನ ಲೋಟಗಳಲ್ಲಿ ತೆಗೆದುಕೊಳ್ಳಿ. ಒಂದರಲ್ಲಿ ಮಾತ್ರ ತುಕ್ಕು ಹಿಡಿದ ಎರಡು ಮೊಳೆ ಹಾಕಿ. ಮರುದಿನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೊಳೆಯ ಲೋಟದ ಚಹಾ ಶಾಯಿಯಂತೆ ಕಪ್ಪಾಗಿರುತ್ತದೆ. ಹಿಂದಿನ ಕಾಲದ ಕಪ್ಪು ಶಾಯಿಯನ್ನು ತಯಾರಿಸುತ್ತಿದ್ದದ್ದೂ ಟ್ಯಾನಿನ್ ಮತ್ತು ಕಬ್ಬಿಣದ ಉಪ್ಪಿನಿಂದಲೇ! (ನೋಡಿ ಚೆಲ್ಲಿಬಿಡಿ, ಯಾರೂ ಕುಡಿಯಬೇಡಿ.)

ಹಾಗಾದರೆ ಚಹಾ ಬಿಡಬೇಕೆ? ಬಿಟ್ಟರೆ ಒಳ್ಳೆಯದೇ. ಬಿಡಲಾಗದಿದ್ದರೆ ಊಟಕ್ಕೂ ಚಹಾಕ್ಕೂ ನಡುವೆ ಒಂದು ತಾಸಾದರೂ ಅಂತರವಿರಲಿ. ಬೆಳಿಗ್ಗೆ ಚಪಾತಿಯನ್ನು ಚಹಾ ಬದಲು ಮಡಿಕೆ ಕಾಳಿನ ಉಸಳಿಯ ಜೊತೆ ತಿನ್ನಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ನಿಂಬೆಯ ‘ಸಿ’ ಜೀವಸತ್ವ ಕಬ್ಬಿಣವನ್ನು ಕರುಳು ಹೀರುವಂತೆ ಮಾಡುತ್ತದೆ. ಪೇರಲಹಣ್ಣು, ನೆಲ್ಲಿಕಾಯಿಯೂ ಆಗಬಹುದು. ಕಾಳನ್ನು ಮೊಳಕೆ ಬರಿಸಿದರೆ ಇನ್ನೂ ಲಾಭ: ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿ ‘ಸಿ’ ಜೀವಸತ್ವ ಹೆಚ್ಚುತ್ತದೆ. ನಿಂಬೆ ಹಿಂಡುವುದು ಮಾತ್ರ ಒಲೆಯಿಂದ ಇಳಿಸಿದ ಮೇಲೆ, ಕುದಿಸಿದರೆ ಆ ಜೀವಸತ್ವ ಹಾಳಾಗುತ್ತದೆ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಗೂ ಇದೇ ಮಾತು ಅನ್ವಯಿಸುತ್ತದೆ. ಊಟದ ಮೇಲೆ, ನೀರಿನ ಜೊತೆ ನುಂಗಿ. ಕೂಡಲೇ ಚಹಾ ಬೇಡ. ಮಾತ್ರೆಯಿಂದ ಮಲ ಕಪ್ಪಾಗಬಹುದು, ಅದಕ್ಕೆ ಹೆದರಿ ಮಾತ್ರೆಯನ್ನು ಕಿಟಕಿಯಿಂದ ಎಸೆಯಬೇಡಿರಿ.