ಹಸುಗೂಸಿನ ಜ್ವರವೂ ಔಷಧದ ಅಳತೆಯೂ

ನಡುರಾತ್ರಿಯ ಹೊತ್ತು. ಆರೇಳು ತಿಂಗಳ ಕೂಸಿನ ಮೈ ಕೆಂಡದಂತೆ ಕಾದಿದೆ. ತಾಯಿ ಅದನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಾಳೆ. ಅಜ್ಜಿ ಕುಲಾವಿಯನ್ನು ಇನ್ನಷ್ಟು ಬಿಗಿಯಾಗಿ ಕಟ್ಟುತ್ತಿದ್ದಾಳೆ. ಗೋಡೆಯ ಗೂಡಿನಲ್ಲಿ ಹಿಂದೊಮ್ಮೆ ತಂದಿಟ್ಟಿದ್ದ ಔಷಧದ ಸೀಸೆ ಸಿಗುತ್ತದೆ. ಅದರ ಚೀಟಿ ಇಂಗ್ಲಿಷಿನಲ್ಲಿದೆ, ಅಕ್ಷರಗಳೋ ಸಾಸಿವೆಕಾಳಿನಷ್ಟು. ಆಗ ಸೀಸೆಯು ಮನೆಯಲ್ಲಿ ಓದುತ್ತಿರುವ ಅಣ್ಣನ ಅಥವಾ ಅಕ್ಕನ ಕೈಗೆ ಬರುತ್ತದೆ: "ಎಷ್ಟು ಹಾಕಬೇಕೋ ನೋಡಿ ಹೇಳು." ನಮ್ಮ ವಾಚಕರಲ್ಲಿ ಅನೇಕರು ಈ ಅಣ್ಣಂದಿರು, ಈ ಅಕ್ಕಂದಿರು. ಅವರು ಮಾಡಬೇಕಾದುದು ಒಂದು ಸಾಮಾನ್ಯ ತ್ರೈರಾಶಿಕದ ಲೆಕ್ಕ. ಆದರೆ ಅದು ತಪ್ಪಿದರೆ ಕಳೆದುಕೊಳ್ಳುವುದು ಪರೀಕ್ಷೆಯ ಅಂಕಗಳನ್ನಲ್ಲ.

ಮೊದಲು ಜ್ವರವೆಂದರೇನು ಎಂಬುದನ್ನು ನೋಡೋಣ. ಮೆದುಳಿನ ಬುಡದಲ್ಲಿ ಹೈಪೊಥೆಲಾಮಸ್ ಎಂಬ ಪುಟ್ಟ ಭಾಗವಿದೆ. ದೇಹದ ಉಷ್ಣತೆಯನ್ನು ಒಂದು ಮಟ್ಟದಲ್ಲಿ ನಿಲ್ಲಿಸುವುದು ಅದರ ಕೆಲಸ. ರೋಗಾಣುಗಳು ಒಳಹೊಕ್ಕಾಗ ರಕ್ತದ ಬಿಳಿಯ ಕಣಗಳು ಕೆಲವು ವಸ್ತುಗಳನ್ನು ಹೊರಬಿಡುತ್ತವೆ. ಅವುಗಳ ಪ್ರೇರಣೆಯಿಂದ ಪ್ರೋಸ್ಟಗ್ಲಾಂಡಿನ್ ಎಂಬ ರಾಸಾಯನಿಕವು ಹುಟ್ಟಿ ಆ ಮಟ್ಟವನ್ನೇ ಮೇಲಕ್ಕೆ ಏರಿಸುತ್ತದೆ. ಆಗ 37 ಡಿಗ್ರಿ ಸೆಲ್ಸಿಯಸ್ ದೇಹಕ್ಕೆ ತಣ್ಣಗೆನಿಸುತ್ತದೆ. ಕೈಕಾಲು ತಣ್ಣಗಾಗುವುದು, ಮೈ ನಡುಗುವುದು ಇದರಿಂದಲೇ. ಆಸ್ಪಿರಿನ್ ಮೊದಲಾದ ಔಷಧಗಳು ಪ್ರೋಸ್ಟಗ್ಲಾಂಡಿನ್ನಿನ ಉತ್ಪತ್ತಿಯನ್ನು ತಡೆಯುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿಕೊಟ್ಟರು. 1982ರ ನೊಬೆಲ್ ಪಾರಿತೋಷಕದಲ್ಲಿ ಅವರೂ ಪಾಲುಗಾರರು.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಜ್ವರದ ಔಷಧವು ರೋಗಾಣುವನ್ನು ಮುಟ್ಟುವುದೇ ಇಲ್ಲ. ಮಟ್ಟವನ್ನು ಮಾತ್ರ ಕೆಳಗಿಳಿಸುತ್ತದೆ. ಆದುದರಿಂದ ಅದನ್ನು ಕೊಡುವುದು ಕೂಸಿನ ಸಂಕಟವನ್ನು ಕಡಮೆ ಮಾಡುವುದಕ್ಕೇ ಹೊರತು ಜ್ವರಮಾಪಕದ ಅಂಕಿಯನ್ನು ಸರಿಪಡಿಸುವುದಕ್ಕಲ್ಲ. ಮೈ ಬೆಚ್ಚಗಿದ್ದರೂ ಹಾಲು ಕುಡಿದು ನಗುತ್ತಿರುವ ಮಗುವಿಗೆ, ನಿದ್ದೆಹೋಗಿರುವ ಮಗುವನ್ನು ಎಬ್ಬಿಸಿ, ಔಷಧ ಹಾಕಬೇಕಾಗಿಲ್ಲ. ಜ್ವರದಿಂದ ಬರುವ ಸೆಳವನ್ನು ಈ ಔಷಧ ತಡೆಯುತ್ತದೆಂಬ ನಂಬಿಕೆಯೂ ಪರೀಕ್ಷೆಗಳಲ್ಲಿ ನಿಂತಿಲ್ಲ. ಅಜ್ಜಿಯ ಕುಲಾವಿಯ ಮೇಲೆ ನಮಗೆ ಗೌರವವುಂಟು. ಜ್ವರ ಏರಿರುವಾಗ ಮಾತ್ರ ಅದನ್ನು ಬಿಚ್ಚಿ, ತೆಳುವಾದ ಅರಿವೆ ತೊಡಿಸಿ, ಎದೆಹಾಲನ್ನು ಮತ್ತೆ ಮತ್ತೆ ಕೊಡುವುದು ಮೇಲು. ತಣ್ಣೀರಿನಿಂದಾಗಲಿ ಸ್ಪಿರಿಟ್ಟಿನಿಂದಾಗಲಿ ಮೈ ಒರೆಸಕೂಡದು.

ಜ್ವರವನ್ನು ಅಂಗೈಯಿಂದ ಅಳೆಯಲಾಗದು. ಕಂಕುಳಲ್ಲಿ ಇಡುವ ಅಂಕಿಯ ಜ್ವರಮಾಪಕವು ಈಗ ಎಲ್ಲ ಅಂಗಡಿಗಳಲ್ಲಿಯೂ ಸಿಗುತ್ತದೆ. 38 ಡಿಗ್ರಿ ಸೆಲ್ಸಿಯಸ್, ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್, ಮುಟ್ಟಿದರೆ ಜ್ವರವೆಂದು ಲೆಕ್ಕ. ಮೂರು ತಿಂಗಳು ತುಂಬದ ಕೂಸಿನಲ್ಲಿ ಈ ಅಂಕಿ ಕಂಡರೆ ಮನೆಯಲ್ಲಿ ಔಷಧ ಹಾಕುತ್ತ ಕೂರದೆ ನೇರವಾಗಿ ವೈದ್ಯರಲ್ಲಿಗೆ ಹೋಗಬೇಕು. ಅಷ್ಟು ಎಳೆಯ ದೇಹದಲ್ಲಿ ರಕ್ತದ ಸೋಂಕು, ಮೆದುಳಿನ ಪೊರೆಯ ಸೋಂಕುಗಳಿಗೂ ಜ್ವರವೊಂದೇ ಹೊರಗುರುತಾಗಿರಬಹುದು. ಔಷಧ ಆ ಗುರುತನ್ನು ಅಳಿಸಿಬಿಡುತ್ತದೆ. ಲಸಿಕೆ ಹಾಕಿಸಿದ ಮೇಲೆ ಬರುವ ಜ್ವರದ ಮಾತು ಬೇರೆ. ಅದಕ್ಕೆ ಎಷ್ಟು ಕೊಡಬೇಕೆಂಬುದನ್ನು ಲಸಿಕೆ ಹಾಕಿದವರಿಂದಲೇ ಆ ದಿನ ಕೇಳಿ ಬರೆದುಕೊಳ್ಳಬೇಕು.

ಇನ್ನು ಮುಖ್ಯವಾದ ಲೆಕ್ಕಕ್ಕೆ ಬರೋಣ. ಕೂಸುಗಳಿಗೆ ಸಾಮಾನ್ಯವಾಗಿ ಕೊಡುವ ಔಷಧ ಪ್ಯಾರಾಸಿಟಮಾಲ್. ಅಮೆರಿಕದ ಹಾರ್ಮನ್ ಮೋರ್ಸ್ 1878ರಲ್ಲಿ ಇದನ್ನು ತಯಾರಿಸಿದನು. ಆಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದು ಮೂಲೆಯಲ್ಲಿ ಬಿದ್ದಿತ್ತು. 1948ರಲ್ಲಿ ಬ್ರೋಡಿ ಮತ್ತು ಆಕ್ಸೆಲ್‌ರಾಡ್ ಎಂಬವರು ಇದರ ಗುಣವನ್ನು ಮತ್ತೆ ಎತ್ತಿ ಹಿಡಿದರು. ಇದರ ಪ್ರಮಾಣ ವಯಸ್ಸಿನ ಮೇಲಲ್ಲ, ತೂಕದ ಮೇಲೆ ನಿಂತಿದೆ: ಒಂದು ಕಿಲೋಗ್ರಾಂ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲಗಳ ನಡುವೆ ನಾಲ್ಕರಿಂದ ಆರು ಗಂಟೆ, ಇಪ್ಪತ್ತನಾಲ್ಕು ಗಂಟೆಗಳಲ್ಲಿ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಕೂಸಿನ ತೂಕ ತಾಯಿ ಕಾರ್ಡಿನಲ್ಲಿರುತ್ತದೆ. ಆದರೆ ಎರಡು ತಿಂಗಳ ಹಿಂದಿನ ತೂಕ ಇಂದಿನದಲ್ಲವೆಂಬುದನ್ನು ಮರೆಯಬಾರದು.

ಆರು ಕಿಲೋಗ್ರಾಂ ತೂಗುವ ಕೂಸನ್ನು ತೆಗೆದುಕೊಳ್ಳೋಣ. 15ರಂತೆ ಅದಕ್ಕೆ 90 ಮಿಲಿಗ್ರಾಂ ಬೇಕು. ಅಂಗಡಿಯಲ್ಲಿ ಸಿಗುವ ಒಂದು ಬಗೆಯ ಸಿರಪ್ಪಿನಲ್ಲಿ 5 ಮಿಲಿಲೀಟರಿಗೆ 120 ಮಿಲಿಗ್ರಾಂ ಔಷಧವಿರುತ್ತದೆ. ಅದರಲ್ಲಿ ಮೂರೂಮುಕ್ಕಾಲು ಮಿಲಿಲೀಟರು ಸಾಕು. ಇನ್ನೊಂದು ಬಗೆಯಲ್ಲಿ 5 ಮಿಲಿಲೀಟರಿಗೆ 250, ಅದರಲ್ಲಿ 1.8 ಮಿಲಿಲೀಟರು. ಹನಿಗಳೆಂದು ಮಾರುವ ಪುಟ್ಟ ಸೀಸೆಯಲ್ಲಿ ಸಾಮಾನ್ಯವಾಗಿ ಒಂದೇ ಮಿಲಿಲೀಟರಿಗೆ 100 ಮಿಲಿಗ್ರಾಂ, ಅದರಲ್ಲಿ 0.9 ಮಿಲಿಲೀಟರು ಮಾತ್ರ. ಚಿಕ್ಕ ಮಕ್ಕಳದೆಂದು ನಾವು ಸೌಮ್ಯವೆಂದುಕೊಳ್ಳುವ ಪುಟ್ಟ ಸೀಸೆಯೇ ಇವೆಲ್ಲಕ್ಕಿಂತ ಖಾರವಾದುದು! ಎಳೆಯ ಕೂಸು ನುಂಗಬೇಕಾದ ದ್ರವ ಕಡಮೆಯಾಗಲಿ ಎಂದು ಅದನ್ನು ಗಟ್ಟಿಯಾಗಿ ಮಾಡಿರುತ್ತಾರೆ.

ಈಗ ತಪ್ಪು ಎಲ್ಲಿ ನುಸುಳುತ್ತದೆಂದು ನೋಡಿ. ಕಳೆದ ಬಾರಿ ವೈದ್ಯರು ಮೊದಲನೆಯ ಸಿರಪ್ಪಿಗೆ ಹೇಳಿದ ಮೂರೂಮುಕ್ಕಾಲು ಮಿಲಿಲೀಟರು ನೆನಪಿನಲ್ಲಿದೆ; ಈ ರಾತ್ರಿ ಕೈಗೆ ಸಿಕ್ಕಿರುವುದು ಹನಿಗಳ ಸೀಸೆ. ಅದೇ ಅಳತೆ ಹಾಕಿದರೆ ಕೂಸಿನ ಹೊಟ್ಟೆಗೆ ಹೋಗುವುದು 375 ಮಿಲಿಗ್ರಾಂ, ಎಂದರೆ ಇಡೀ ದಿನದ ಪ್ರಮಾಣವನ್ನೂ ಮೀರಿದ ಔಷಧ ಒಂದೇ ಗುಟುಕಿನಲ್ಲಿ. ಈ ಗೊಂದಲಕ್ಕೆ ಅಂಜಿಯೇ ಅಮೆರಿಕದ ತಯಾರಕರು 2011ರಲ್ಲಿ ತಮ್ಮ ಗಟ್ಟಿ ಹನಿಗಳನ್ನು ಹಿಂತೆಗೆದು, ಎಲ್ಲ ಮಕ್ಕಳಿಗೂ ಒಂದೇ ಸಾಂದ್ರತೆಯ ದ್ರವವನ್ನು ತರಲು ಒಪ್ಪಿದರು. ನಮ್ಮಲ್ಲಿ ಹಲವು ಸಾಂದ್ರತೆಗಳು ಒಂದೇ ಕಪಾಟಿನಲ್ಲಿ ಇನ್ನೂ ಅಕ್ಕಪಕ್ಕ ನಿಂತಿವೆ. "ಎಷ್ಟು ಮಿಲಿಲೀಟರು" ಎಂದು ಕೇಳುವ ಮುನ್ನ "ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ" ಎಂದು ಕೇಳಬೇಕಾದುದು ಇದಕ್ಕಾಗಿ.

ಅಡುಗೆಮನೆಯ ಚಮಚೆಯಾಗಲಿ ಹಾಲು ಹಾಕುವ ಒಳಲೆಯಾಗಲಿ ಅಳತೆಯ ಸಾಧನಗಳಲ್ಲ. ಒಂದು ಮನೆಯ ಚಮಚೆ ಇನ್ನೊಂದು ಮನೆಯದರ ಎರಡರಷ್ಟು ಹಿಡಿಯಬಹುದು. ಸೂಜಿಯಿಲ್ಲದ, ಗೆರೆ ಕೊರೆದ ಪಿಚಕಾರಿಯೇ ಬೇಕು. ಸೀಸೆಯನ್ನು ಚೆನ್ನಾಗಿ ಅಲುಗಿಸಬೇಕು. ಔಷಧದ ಕಣಗಳು ದ್ರವದಲ್ಲಿ ತೇಲುತ್ತಿದ್ದು ತಳಕ್ಕೆ ಇಳಿಯುವುದರಿಂದ, ಅಲುಗಿಸದಿದ್ದರೆ ಮೊದಲ ದಿನ ಕಡಮೆಯೂ ಕೊನೆಯ ದಿನ ಹೆಚ್ಚೂ ಆಗುವುದು. ಕೂಸನ್ನು ಅಂಗಾತ ಮಲಗಿಸದೆ ತಲೆಯೆತ್ತಿ ಹಿಡಿದು, ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವಾಗಿ ಬಿಡಬೇಕು. ಮೂಗು ಹಿಡಿದು ಕುಡಿಸುವ ಹಳೆಯ ಕ್ರಮದಲ್ಲಿ ಔಷಧ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ.

ಅಳತೆ ಮೀರಿದರೆ ಏನಾಗುತ್ತದೆ? ಪ್ಯಾರಾಸಿಟಮಾಲಿನ ಬಹುಭಾಗವನ್ನು ಯಕೃತ್ತು ಬೇರೆ ವಸ್ತುಗಳೊಡನೆ ಬೆಸೆದು ಮೂತ್ರದಲ್ಲಿ ಹೊರಹಾಕುತ್ತದೆ. ಸ್ವಲ್ಪ ಭಾಗ ಮಾತ್ರ ಒಂದು ವಿಷವಸ್ತುವಾಗಿ ಮಾರ್ಪಡುತ್ತದೆ. ಯಕೃತ್ತಿನಲ್ಲಿರುವ ಗ್ಲುಟಾಥಯೋನ್ ಅದನ್ನು ಕೂಡಲೇ ಹಿಡಿದು ನಿರಪಾಯಗೊಳಿಸುತ್ತದೆ. ಆದರೆ ಗ್ಲುಟಾಥಯೋನಿನ ದಾಸ್ತಾನು ಅಕ್ಷಯವಲ್ಲ. ಜ್ವರದಿಂದ ಎರಡು ದಿನ ಹಾಲು ಬಿಟ್ಟಿರುವ ಕೂಸಿನಲ್ಲಿ ಅದು ಮೊದಲೇ ಇಳಿದಿರುತ್ತದೆ. ಅಂಥ ಹೊತ್ತಿನಲ್ಲಿಯೇ, ಜ್ವರ ಇಳಿಯಲಿಲ್ಲವೆಂದು ಗಾಬರಿಗೊಂಡ ಮನೆಯವರು ಎರಡು ಗಂಟೆಗೊಮ್ಮೆ ಔಷಧ ಹಾಕುತ್ತಾರೆ. ದಾಸ್ತಾನು ಮುಗಿದೊಡನೆ ವಿಷವು ಯಕೃತ್ತಿನ ಕಣಗಳನ್ನೇ ಕೊಲ್ಲತೊಡಗುತ್ತದೆ. ಒಂದೇ ಸಲದ ಸಣ್ಣ ತಪ್ಪಿಗಿಂತ ದಿನದಿನವೂ ಮರುಕಳಿಸುವ ತಪ್ಪು ಹೆಚ್ಚು ಭಯಂಕರವಾದುದು. ತಾಯಿಯೂ ತಂದೆಯೂ ಒಬ್ಬರಿಗೊಬ್ಬರು ತಿಳಿಯದೆ ಎರಡು ಸಲ ಹಾಕುವುದೂ ಉಂಟು; ಹಾಕಿದ ಗಂಟೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವುದು ಒಳ್ಳೆಯದು. ನೆಗಡಿಯ ಮಿಶ್ರ ಸಿರಪ್ಪುಗಳಲ್ಲಿಯೂ ಅನೇಕ ವೇಳೆ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಇಂಥವುಗಳಲ್ಲಿ ಸಾಮಾನ್ಯವಾಗಿರುವ ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಎಂಬ ಜೋಡಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಆಜ್ಞಾಪಿಸಿದ್ದಾರೆ.

ಬೇರೆ ಔಷಧಗಳ ವಿಚಾರ ಬೇಗ ಮುಗಿಯುತ್ತದೆ. ಆಸ್ಪಿರಿನ್ ಮಕ್ಕಳಿಗೆ ಬೇಡ. 1963ರಲ್ಲಿ ಆಸ್ಟ್ರೇಲಿಯದ ಡಾ. ರೈ ವರ್ಣಿಸಿದ, ಮೆದುಳು ಮತ್ತು ಯಕೃತ್ತುಗಳನ್ನು ಕೆಡಿಸುವ ರೋಗಕ್ಕೆ ಅದರ ನಂಟಿದೆ. ನಿಮೆಸುಲೈಡನ್ನು ಹನ್ನೆರಡು ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿತು. ಐಬುಪ್ರೊಫೆನ್ ಒಳ್ಳೆಯ ಔಷಧವೇ. ಆದರೆ ಆರು ತಿಂಗಳೊಳಗೆ ವೈದ್ಯರ ಮಾತಿಲ್ಲದೆ ಅದನ್ನು ಮುಟ್ಟಕೂಡದು. ವಾಂತಿಭೇದಿಯಿಂದ ನೀರು ಕಳೆದುಕೊಂಡ ಮಗುವಿನ ಮೂತ್ರಪಿಂಡಗಳಿಗೆ ಅದು ಹೊರೆ. ಮಳೆಗಾಲದಲ್ಲಿ ಡೆಂಗಿಯ ಸಂಶಯವಿದ್ದರೆ ರಕ್ತಸ್ರಾವವನ್ನು ಹೆಚ್ಚಿಸುತ್ತದೆಂಬ ಕಾರಣದಿಂದ ಅದೂ ಬೇಡ, ಆಸ್ಪಿರಿನ್ನೂ ಬೇಡ.

ಕೂಸು ಮೊಲೆ ಹಿಡಿಯದಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಉಸಿರಾಡುವಾಗ ಪಕ್ಕೆಗಳು ಒಳಸೆಳೆದರೆ, ನೆತ್ತಿ ಉಬ್ಬಿದರೆ, ಸೆಳವು ಬಂದರೆ, ಎಂಟು ಗಂಟೆ ಮೂತ್ರ ಬಾರದಿದ್ದರೆ, ಜ್ವರದ ಅಂಕಿ ಎಷ್ಟೇ ಇರಲಿ, ಬೆಳಗಾಗುವುದನ್ನು ಕಾಯದೆ ಹೊರಡಬೇಕು. ಔಷಧ ಅಳತೆ ಮೀರಿತೆಂದು ತಿಳಿದಾಗಲೂ ಹಾಗೆಯೇ. ಮೊದಲ ದಿನ ಕೂಸು ಆಡಿಕೊಂಡೇ ಇರಬಹುದು. ಯಕೃತ್ತಿನ ಹಾನಿ ಹೊರಗೆ ಕಾಣುವುದು ಎರಡನೆಯ ಅಥವಾ ಮೂರನೆಯ ದಿನ. ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವು ಗ್ಲುಟಾಥಯೋನನ್ನು ಮತ್ತೆ ತುಂಬಿಕೊಡುತ್ತದೆ. ಒಮ್ಮೆಗೇ ಹೆಚ್ಚಾಗಿ ನುಂಗಿದ ಸಂದರ್ಭದಲ್ಲಿ ಎಂಟು ಗಂಟೆಗಳೊಳಗೆ ಕೊಟ್ಟರೆ ಅದರ ಫಲ ಅತ್ಯುತ್ತಮ. ವಾಂತಿ ಮಾಡಿಸಲು ಹೋಗದೆ, 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೊರಡುವಾಗ ಆ ಸೀಸೆಯನ್ನೂ ಪಿಚಕಾರಿಯನ್ನೂ ಗಂಟೆ ಬರೆದ ಕಾಗದವನ್ನೂ ಜೊತೆಯಲ್ಲಿಯೇ ಒಯ್ಯಬೇಕು. ವೈದ್ಯರು ಮೊದಲು ಕೇಳುವುದು ಎಷ್ಟು ಹಾಕಿದಿರಿ, ಯಾವಾಗ ಹಾಕಿದಿರಿ, ಯಾವ ಸೀಸೆಯಿಂದ ಎಂದು.