ಬಿದ್ದೀಯಾ, ಹುಷಾರು! – 'ಲೆಸ್ಟ್' ಎಂಬ ಹಳೆಯ ಪದ

1 ಕೊರಿಂಥದವರಿಗೆ 10:12 ತೆಗೆಯಿರಿ.

ನಿಂತಿದ್ದೇನೆ ಅಂದುಕೊಳ್ಳುವವನಿಗೆ ಪೌಲನು ಇಲ್ಲಿ ಎಚ್ಚರಿಕೆ ಕೊಡುತ್ತಾನೆ. 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಈ ವಚನದಲ್ಲಿ 'ಲೆಸ್ಟ್' ಅಂತ ಒಂದು ಚಿಕ್ಕ ಪದ ಇದೆ. ಈಗಿನವರು ಮಾತಾಡುವಾಗ ಅದನ್ನು ಬಳಸುವುದು ಅಪರೂಪ. 'ಹೀಗೆ ಮಾಡದಿದ್ದರೆ ನೋಡು' ಅನ್ನೋ ಬೆದರಿಕೆ ಅಂತ ನಾನು ಅದನ್ನು ತಿಳಿದಿದ್ದೆ. ಜಾರುತ್ತಿದ್ದ ಒಬ್ಬ ತಮ್ಮನ ಮೇಲೆ ಈ ವಚನವನ್ನು ಕೋಲಿನ ಹಾಗೆ ಬೀಸಿದೆ. ಅವನು ಸಭೆಗೆ ಬರೋದನ್ನೇ ಬಿಟ್ಟ.

ಆಮೇಲೆ ಆ ಪದದ ಮೂಲ ಹುಡುಕಿದೆ. ಹಳೆಯ ಇಂಗ್ಲಿಷಿನಲ್ಲಿ ಅದು ಮೂರು ಪದ: 'ಥೀ ಲ್ಯಾಸ್ ಥೆ'. ಮೊದಲನೆಯದು ಬಿದ್ದುಹೋಗಿ, ಉಳಿದೆರಡು ಕೂಡಿ 'ಲೆಸ್ಟ್' ಆಯಿತು. ಅದರೊಳಗಿನ 'ಲ್ಯಾಸ್' ಅಂದರೆ ಇವತ್ತಿನ 'ಲೆಸ್', ಕಡಿಮೆ. ಈ ಕೆಲಸದಿಂದ ಆ ಕೇಡು ಆಗೋದು ಕಡಿಮೆಯಾಗಲಿ ಅನ್ನೋ ಅರ್ಥದಿಂದ, ಕೇಡು ಆಗದೇ ಇರಲಿ ಅನ್ನೋ ಅರ್ಥಕ್ಕೆ ಬಂತು.

ಪೌಲನು ಬರೆದ ಗ್ರೀಕಿನಲ್ಲಿ ಇಲ್ಲಿರೋದು 'ಮೇ'. ಇಬ್ರಿಯರಿಗೆ 2:1ರಲ್ಲಿ 'ಮೇಪೊಟೆ', ಎಂದಾದರೂ ಹಾಗೆ ಆಗಿಬಿಡದಂತೆ. ಅಲ್ಲಿನ ಚಿತ್ರ ನೀರಿನದು, ಗೊತ್ತಿಲ್ಲದೆ ಹರಿದು ದೂರ ಹೋಗುವುದು. ಆದಿಕಾಂಡ 3:3ರ ಇಬ್ರಿಯ ಪದ 'ಪೆನ್'. ಹವ್ವಳು ಸರ್ಪಕ್ಕೆ ದೇವರ ಅಪ್ಪಣೆ ಹೇಳುವಾಗ ಅದು ಬರುತ್ತದೆ. ಈ ಮೂರೂ ಕಡೆ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಇರೋದು 'ಲೆಸ್ಟ್'.

ನಮ್ಮ ಕನ್ನಡ ಬೈಬಲಿನಲ್ಲಿ ಅದಕ್ಕೆ ಬೇರೆ ಪದವೇ ಇಲ್ಲ. 'ಬೀಳದಂತೆ' ಅನ್ನೋದರೊಳಗೇ ಸೇರಿಕೊಂಡಿದೆ. ಮನೆಮಾತಿನಲ್ಲಿ ಇನ್ನೂ ಚೆನ್ನಾಗಿದೆ. ಮಗು ಬಾವಿಕಟ್ಟೆ ಹತ್ತಿದರೆ ಅಮ್ಮ ಏನಂತ ಕೂಗುತ್ತಾಳೆ? "ಬಿದ್ದೀಯಾ, ಹುಷಾರು!" ಮಗು ಇನ್ನೂ ಬಿದ್ದಿಲ್ಲ. ಬೀಳಬಾರದು ಅಂತಲೇ ಆ ಕೂಗು. ಕೂಗುತ್ತಲೇ ಅವಳು ಓಡಿ ಬರುತ್ತಾಳೆ.

ಪ್ರಿಯರೇ, 12ನೇ ವಚನದಲ್ಲೇ ಪುಸ್ತಕ ಮುಚ್ಚಬೇಡಿ. ಇಸ್ರಾಯೇಲ್ಯರು ಮನ್ನ ತಿಂದರೂ ಅರಣ್ಯದಲ್ಲಿ ಬಿದ್ದರು, ನಿಜ. ಆದರೆ 13ನೇ ವಚನದಲ್ಲಿ ದೇವರು ನಂಬಿಗಸ್ತನು, ಶೋಧನೆಯಿಂದ ತಪ್ಪಿಸಿಕೊಳ್ಳುವ ದಾರಿಯನ್ನೂ ಕೊಡುತ್ತಾನೆ ಅಂತಿದೆ. ನಾನು 12ನ್ನು ಮಾತ್ರ ಹೇಳಿದ್ದೆ. ಹೋದ ವಾರ ಆ ತಮ್ಮನ ಮನೆಗೆ ಹೋಗಿ ಕ್ಷಮೆ ಕೇಳಿದೆ, ಇಬ್ಬರೂ ಸೇರಿ 13ನ್ನು ಓದಿದೆವು. ಅವನಿಗಾಗಿ ಪ್ರಾರ್ಥಿಸಿರಿ.

ಈ ವಾರ ನೀವು ಯಾರಿಗಾದರೂ ಎಚ್ಚರಿಕೆ ಹೇಳಬೇಕಾದರೆ, ಕೈ ಚಾಚಿಕೊಂಡು ಹೇಳಿರಿ. ಕರ್ತನು ನಮ್ಮೆಲ್ಲರನ್ನೂ ಬೀಳದಂತೆ ಕಾಪಾಡಲಿ. ಆಮೆನ್.