ಫಿಯೋರ್ಡ್: ನದಿಯ ಕೆಲಸವಲ್ಲ, ಹಿಮನದಿಯ ಕೆಲಸ

ನದಿ ಕಣಿವೆಗೆ ಸಮುದ್ರ ನುಗ್ಗಿದರೆ ಫಿಯೋರ್ಡ್ ಆಗುತ್ತದೆ ಎಂದು ಬರೆದರೆ ಅಂಕ ಹೋಗುತ್ತದೆ. ಹಾಗೆ ಆಗುವುದು ರಿಯಾ; ಹಿಮನದಿ ಕೊರೆದ ಕಣಿವೆಗೆ ಸಮುದ್ರ ನುಗ್ಗಿದರೆ ಫಿಯೋರ್ಡ್. ಫಿಯೋರ್ಡನ್ನು ಕೊರೆದದ್ದು ಹಿಮನದಿ ಎನ್ನಲು ಆಳವೇ ಬಲವಾದ ಸಾಕ್ಷಿ. ನಾರ್ವೆಯ ಸೋಗ್ನೆಫಿಯೋರ್ಡ್ ಸುಮಾರು 1,300 ಮೀಟರ್ ಆಳವಿದೆ. ಕೊನೆಯ ಹಿಮಯುಗದಲ್ಲಿ ಸಮುದ್ರಮಟ್ಟ ಇಳಿದದ್ದಾದರೂ ಸುಮಾರು 120 ಮೀಟರ್ ಮಾತ್ರ. ಸಮುದ್ರಮಟ್ಟಕ್ಕಿಂತ ಅಷ್ಟು ಕೆಳಗೆ ನದಿ ಕೊರೆಯಲಾರದು. ತನ್ನ ಭಾರದಿಂದಲೇ ತಳವನ್ನು ಉಜ್ಜುತ್ತ ಸಾಗುವ ಹಿಮರಾಶಿ ಕೊರೆಯಬಲ್ಲದು. ಕಡಲಿನ ಬಾಯಿಯ ಬಳಿ ಹಿಮ ತೆಳುವಾಗಿ ಬಲಗುಂದಿದ್ದರಿಂದ ಅಲ್ಲಿ ಆಳ ಕಡಿಮೆ, ಒಳಗೆ ಹೆಚ್ಚು. ರಿಯಾದಲ್ಲಿ ಇದು ತಲೆಕೆಳಗು.

ಪ್ರವಾಸಿ ಹಡಗುಗಳು ಸಾಗುವ ಅಲಾಸ್ಕದ ಗ್ಲೇಸಿಯರ್ ಬೇ ಎಂಬ ಫಿಯೋರ್ಡಿನಲ್ಲಿ ಈ ಪಾಠ ಕಣ್ಣೆದುರೇ ಇದೆ. 1794ರಲ್ಲಿ ನಾವಿಕ ವ್ಯಾಂಕೂವರ್‌ನ ತಂಡ ಬಂದಾಗ ಕೊಲ್ಲಿಯನ್ನು ಬಹುತೇಕ ಹಿಮವೇ ತುಂಬಿತ್ತು. 1916ರ ವೇಳೆಗೆ ಅದು ಸುಮಾರು 100 ಕಿ.ಮೀ. ಹಿಂದೆ ಸರಿದಿತ್ತು. ಇದೆಲ್ಲ ಇಂದಿನ ತಾಪಮಾನ ಏರಿಕೆಯ ಫಲವಲ್ಲವೇ ಎಂದು ಕೇಳಬಹುದು. ಅಲ್ಲ, ಇದು ಕಿರು ಹಿಮಯುಗ ಎಂಬ ಚಳಿಯ ಅವಧಿ ಮುಗಿಯುತ್ತಿದ್ದ ಕಾಲದ ಕಥೆ. ಆಳದ ನೀರಿಗೆ ಚಾಚಿದ ಹಿಮನದಿಯ ತುದಿ ಬೇಗ ಒಡೆದು ಕಳಚುವುದೂ ಇದಕ್ಕೆ ಕಾರಣ. ಹಾಗೆಂದು ಇಂದಿನ ಕರಗುವಿಕೆ ಸುಳ್ಳಾಗದು: ಅಲಾಸ್ಕದ ಬಹುಪಾಲು ಹಿಮನದಿಗಳು ಈಗ ತೆಳುವಾಗುತ್ತಿರುವುದು ಉಪಗ್ರಹದ ಅಳತೆಗಳಿಂದ ಗೊತ್ತಾಗಿದೆ. ಎರಡನ್ನೂ ಬೇರೆ ಬೇರೆಯಾಗಿ ಬರೆಯಿರಿ.